ಜೀಪನ್ನು ಯಾರ ಕೈಗೆ ಕೊಡೋದು?

ಮೊನ್ನೆ ಕೊಳೆ ಔಷಧಿ ಹೊಡೆಯೋಕೆ ಮಳೆ ಬಿಡುವೇ ಕೊಡಲಿಲ್ಲ, ಜಗಲಿಯಲ್ಲಿ ಸುಮ್ಮನೆ ಕೂತಿದ್ದೆ. ಕೆಳಗಿನ ತೋಟದ ಹುಡುಗ ಕೊಡೆ ಮಡಚುತ್ತಾ ಬಂದ. "ಅಣ್ಣ, ಅಜ್ಜನ ಜೀಪ್ ಕೊಟ್ಟಿಗೇಲಿ ತುಕ್ಕು ಹಿಡೀತಾ ಇದೆ. ಸರಿ ಮಾಡಿಸ್ಬೇಕು ಅಂತಿದೀನಿ. ನಿಮ್ಮದನ್ನ ಮಾಡಿದ ಮೇಸ್ತ್ರಿ ನಂಬರ್ ಕೊಡಿ" ಅಂದ.

ನಂಬರ್ ಕೊಡೋದು ಒಂದು ನಿಮಿಷದ ಕೆಲಸ, ಕೊಟ್ಟೆ. ಆದರೆ ಆ ಮೇಸ್ತ್ರಿಯನ್ನ ಹುಡುಕೋಕೆ ನನಗೆ ನಾಲ್ಕು ವರ್ಷ ಹಿಡಿದಿತ್ತು. ಮಧ್ಯದಲ್ಲಿ ಒಂದು ಟ್ರಾನ್ಸ್‌ಫರ್ ಕೇಸ್ ಪುಡಿಯಾಯ್ತು, ಒಂದು ವರ್ಷದ ಅಡಿಕೆ ದುಡ್ಡಲ್ಲಿ ದೊಡ್ಡ ಪಾಲು ಹೋಯ್ತು. ಅವನಿಗೆ ನಿಂತ ಕಾಲಲ್ಲಿ ಅದನ್ನೆಲ್ಲ ಹೇಳೋಕೆ ಆಗಲಿಲ್ಲ. ನಮ್ಮ ಸುತ್ತಮುತ್ತ ಇನ್ನೂ ಎಷ್ಟೋ ಮನೆಗಳ ಕೊಟ್ಟಿಗೆಯಲ್ಲಿ ಹಳೇ ಜೀಪ್ ನಿಂತಿದೆ. ಹಾಗಾಗಿ ಸ್ವಲ್ಪ ಉದ್ದವಾದ್ರೂ ಪೂರ್ತಿ ಬರೀತಿದೀನಿ.

ಮೊದಲೇ ಒಂದು ಮಾತು. ಒಳ್ಳೆ ಮೇಸ್ತ್ರಿ ಯಾರು ಅಂತ ಗೊತ್ತಾಗಬೇಕಾದ್ರೆ ನಮ್ಮ ಗಾಡಿ ಯಾವುದು ಅಂತ ನಮಗೆ ಗೊತ್ತಿರಬೇಕು. ನನಗೆ ಗೊತ್ತಿರಲಿಲ್ಲ. ಅರವತ್ತು ವರ್ಷ ಮನೆಯಲ್ಲಿದ್ದ ಗಾಡಿಯ ಹೆಸರನ್ನೇ ನಾವು ತಪ್ಪು ಹೇಳ್ತಿದ್ವಿ.

ಈ ಜೀಪ್ ಹುಟ್ಟಿದ್ದು ಅಮೆರಿಕದಲ್ಲಿ, 1940ರಲ್ಲಿ. ಯುರೋಪಿನಲ್ಲಿ ಯುದ್ಧ ಶುರುವಾಗಿತ್ತು. ನಾಲ್ಕೂ ಚಕ್ರಕ್ಕೆ ಎಳೆತ ಇರುವ ಸಣ್ಣ ಹಗುರ ಗಾಡಿ ಬೇಕು ಅಂತ ಅಮೆರಿಕದ ಸೇನೆ 135 ಕಂಪನಿಗಳನ್ನು ಕೇಳಿತು. ಮೊದಲ ಗಾಡಿ ತಂದು ನಿಲ್ಲಿಸೋಕೆ ಕೊಟ್ಟ ಸಮಯ 49 ದಿನ. ಪೆನ್ಸಿಲ್ವೇನಿಯಾದ ಬಟ್ಲರ್ ಅನ್ನೋ ಊರಿನಲ್ಲಿ ಬ್ಯಾಂಟಮ್ ಅಂತ ಒಂದು ಸಣ್ಣ ಕಂಪನಿ ಇತ್ತು, ಸಾಲದಲ್ಲಿ ಮುಳುಗಿತ್ತು. ಅವರು ಕಾರ್ಲ್ ಪ್ರಾಬ್ಸ್ಟ್ ಅನ್ನೋ ಎಂಜಿನಿಯರನ್ನು ಕರೆಸಿದರು. ಆತ ಎರಡು ದಿನದಲ್ಲಿ ನಕ್ಷೆ ಬರೆದುಬಿಟ್ಟರು. ಗಾಡಿ ತಯಾರಾಗಿ, 1940ರ ಸೆಪ್ಟೆಂಬರ್ 23ಕ್ಕೆ, ಗಡುವಿನ ದಿನವೇ, ಮೇರಿಲ್ಯಾಂಡಿನ ಹೋಲಾಬರ್ಡ್ ಸೇನಾ ಕ್ಯಾಂಪಿಗೆ ತಲುಪಿತು.

ಗಾಡಿ ಸೇನೆಗೆ ಹಿಡಿಸಿತು. ಆದರೆ ಇಷ್ಟು ಸಣ್ಣ ಕಂಪನಿ ಸಾವಿರಗಟ್ಟಲೆ ಮಾಡಿಕೊಡೋದು ಕಷ್ಟ ಅಂತ ಲೆಕ್ಕ ಹಾಕಿದ ಸೇನೆ, ಬ್ಯಾಂಟಮ್‌ನ ನಕ್ಷೆಯನ್ನ ವಿಲ್ಲೀಸ್‌ಗೂ ಫೋರ್ಡ್‌ಗೂ ತೋರಿಸಿತು. ಕೊನೆಗೆ ಗೆದ್ದಿದ್ದು ಒಹಾಯೊದ ಟೊಲೆಡೊ ಊರಿನ ವಿಲ್ಲೀಸ್. ಕಾರಣ ಅದರ ಎಂಜಿನ್. 'ಗೋ ಡೆವಿಲ್' ಅಂತ ಹೆಸರು, 2.2 ಲೀಟರ್, 60 ಅಶ್ವಶಕ್ತಿ. ಉಳಿದವರ ಗಾಡಿಗಳಲ್ಲಿ ಅಷ್ಟು ಬಲ ಇರಲಿಲ್ಲ. ವಿಲ್ಲೀಸ್ ಒಂದರಿಂದಲೂ ಸಾಕಾಗಲಿಲ್ಲ ಅಂತ 1941ರ ಕೊನೆಗೆ ಅದೇ ಗಾಡಿಯನ್ನ ಅದೇ ಅಳತೆಯಲ್ಲಿ ಮಾಡೋಕೆ ಫೋರ್ಡ್‌ಗೂ ಆರ್ಡರ್ ಹೋಯ್ತು. ವಿಲ್ಲೀಸ್ ಮಾಡಿದ್ದು 'ಎಂಬಿ', ಫೋರ್ಡ್ ಮಾಡಿದ್ದು 'ಜಿಪಿಡಬ್ಲ್ಯು'. ಯುದ್ಧ ಮುಗಿಯೋ ಹೊತ್ತಿಗೆ ಇಬ್ಬರದ್ದೂ ಸೇರಿ ಆರು ಲಕ್ಷ ದಾಟಿತ್ತು. ಗಾಡಿ ಹುಟ್ಟಿಸಿದ ಬ್ಯಾಂಟಮ್‌ಗೆ ಉಳಿದಿದ್ದು ಟ್ರೈಲರ್ ಮಾಡೋ ಕೆಲಸ.

ಇಲ್ಲಿ ನಮಗೆ ಬೇಕಾದ ವಿಷಯ ಒಂದಿದೆ. ಒಂದರ ಭಾಗ ಇನ್ನೊಂದಕ್ಕೆ ಕೂರಬೇಕು ಅನ್ನೋದು ಸೇನೆಯ ಕರಾರು. ಕಾಡಲ್ಲಿ ಕೆಟ್ಟ ವಿಲ್ಲೀಸ್‌ಗೆ ಫೋರ್ಡ್‌ನ ಗೇರ್‌ಬಾಕ್ಸ್ ಹಾಕಿ ಓಡಿಸ್ತಿದ್ರು. ಯುದ್ಧಕ್ಕೆ ಅದು ವರದಾನ. ಎಂಬತ್ತು ವರ್ಷದ ಮೇಲೆ ಗಾಡಿ ಸರಿ ಮಾಡಿಸೋಕೆ ಹೊರಟ ನಮಗೆ ಅದೇ ತಲೆನೋವು. ಯಾವ ಹಳೇ ಜೀಪೂ ಪೂರ್ತಿ ಒಂದೇ ಕಾರ್ಖಾನೆಯದ್ದು ಅಂತ ಕಣ್ಣುಮುಚ್ಚಿ ಹೇಳೋಕೆ ಆಗಲ್ಲ.

ಯುದ್ಧ ಮುಗಿದ ಕೂಡಲೇ, 1945ರಲ್ಲಿ, ವಿಲ್ಲೀಸ್ ಕಂಪನಿ ಇದೇ ಗಾಡಿಯನ್ನ ರೈತರಿಗೆ ಮಾರೋಕೆ ಹೊರಟಿತು. ಸಿಜೆ-2ಎ ಅಂತ ಹೆಸರು. ಹಿಂದೆ ಬಾಗಿಲು ಕೊಟ್ಟರು, ನೇಗಿಲು-ಟ್ರೈಲರ್ ಎಳೆಯೋಕೆ ಕೊಂಡಿ ಕೊಟ್ಟರು, ಬೇಕಾದವರಿಗೆ ಪಿಟಿಒ, ಬೆಲ್ಟ್ ಪುಲ್ಲಿ. ಉಳುಮೆಗೂ ಅದೇ, ಸಂತೆಗೂ ಅದೇ ಅಂತ ಅವರ ಆಸೆ. ಉಳುಮೆಗೆ ಟ್ರ್ಯಾಕ್ಟರೇ ಗೆದ್ದಿತು, ಆದರೂ 1949ರವರೆಗೆ ಎರಡು ಲಕ್ಷಕ್ಕೂ ಹೆಚ್ಚು ಸಿಜೆ-2ಎ ತಯಾರಾದವು. ಹೊಲದ ಗಾಡಿಗೂ ಯುದ್ಧದ ಗಾಡಿಗೂ ಹೊರಗಿಂದ ವ್ಯತ್ಯಾಸ ಕಾಣೋದು ಮುಂದಿನ ಗ್ರಿಲ್‌ನಲ್ಲಿ. ಸೇನೆಯ ತಗಡಿನ ಗ್ರಿಲ್‌ಗೆ ಒಂಬತ್ತು ಸೀಳು, ಹೊಲದ್ದಕ್ಕೆ ಏಳು.

ನಮ್ಮ ದೇಶಕ್ಕೆ ಜೀಪ್ ಬಂದಿದ್ದು ಎರಡು ದಾರಿಯಲ್ಲಿ. ಒಂದು, ಯುದ್ಧದ ಕಾಲದಲ್ಲಿ ಸೇನೆ ತಂದಿದ್ದು. ಅಸ್ಸಾಮಿನ ಲೆಡೊ ರಸ್ತೆ ಕಡೆ ಅಮೆರಿಕದ ಸೇನೆ ಇತ್ತು. ನಮ್ಮ ಬೆಂಗಳೂರಿನಲ್ಲೂ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಅಮೆರಿಕದ ವಾಯುಸೇನೆ ವಿಮಾನ ರಿಪೇರಿ ಮಾಡ್ತಿತ್ತು. ಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದ ಜೀಪುಗಳು ಹರಾಜಾಗಿ, ಕೈಯಿಂದ ಕೈಗೆ ಮಾರಾಟವಾದವು. ಎರಡನೇ ದಾರಿ ಮಹೀಂದ್ರಾ. 1949ರಲ್ಲಿ ಮುಂಬಯಿಯಲ್ಲಿ 75 ಜೀಪುಗಳ ಬಿಡಿಭಾಗ ತರಿಸಿ ಜೋಡಿಸಿದರು. ಆಮೇಲೆ ವಿಲ್ಲೀಸ್ ಲೈಸೆನ್ಸಿನಲ್ಲಿ ಎತ್ತರ ಬಾನೆಟ್ಟಿನ ಸಿಜೆ-3ಬಿ ಇಲ್ಲೇ ತಯಾರಾಯ್ತು. ಹಿಂದುಗಡೆ 'ಲೆಫ್ಟ್ ಹ್ಯಾಂಡ್ ಡ್ರೈವ್' ಅಂತ ಬರೆದಿರ್ತಿತ್ತಲ್ಲ, ನಾವೆಲ್ಲ ಸಣ್ಣವರಿದ್ದಾಗ ಹತ್ತಿ ಕೂರ್ತಿದ್ದಿದ್ದು ಅದೇ.

ನಮ್ಮ ಮನೆಯದ್ದು ಮೊದಲನೇ ದಾರಿಯಲ್ಲಿ ಬಂದಿದ್ದು. ಅಜ್ಜ ಒಂದು ಕಾಫಿ ಎಸ್ಟೇಟಿನವರಿಂದ ತಗೊಂಡರು, ಅವರು ಹರಾಜಲ್ಲಿ ಹಿಡಿದಿದ್ದರಂತೆ. ಗಾಡಿ ನಂಬರಾಗಿ ಆರ್.ಸಿ. ಆಗಿದ್ದು ಅಜ್ಜನ ಹೆಸರಿನಲ್ಲೇ. ಮನೆಯಲ್ಲಿ ಎಲ್ಲರೂ ಅದನ್ನ "ವಿಲ್ಲೀಸು" ಅಂತಲೇ ಕರೆಯೋದು.

ಇನ್ನು ನಂಬಿಕೆ ವಿಷಯಕ್ಕೆ ಬರ್ತೀನಿ. ಜೀಪಿನ ವಿಷಯದಲ್ಲಿ ಮಾತು ನಂಬಿ ಮೋಸ ಹೋದವರಲ್ಲಿ ನಾನು ಮೊದಲನೆಯವನಲ್ಲ. ಯುದ್ಧದ ಸಮಯದಲ್ಲಿ ವಿಲ್ಲೀಸ್ ಕಂಪನಿ, ಜೀಪನ್ನ ಹುಟ್ಟಿಸಿದ್ದೇ ತಾವು ಅಂತ ಜಾಹೀರಾತು ಕೊಡ್ತಿತ್ತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕೇಸ್ ಹಾಕಿ, 1948ರಲ್ಲಿ ಹಾಗೆ ಹೇಳಿಕೊಳ್ಳೋದನ್ನ ನಿಲ್ಲಿಸಿ ಅಂತ ಆದೇಶ ಮಾಡಿತು. ಆದ್ರೂ ಹೆಸರು ಉಳಿದಿದ್ದು ವಿಲ್ಲೀಸ್‌ದೇ, ಬ್ಯಾಂಟಮ್ ಅಂದ್ರೆ ನಮ್ಮಲ್ಲಿ ಯಾರಿಗೆ ಗೊತ್ತು?

ಅಲ್ಲೇ ಇನ್ನೊಂದು. ಪತ್ರಿಕೆಗಳ ಹಿಂದಿನ ಪುಟದಲ್ಲಿ, ಸರ್ಕಾರದ ಹೆಚ್ಚುವರಿ ಜೀಪ್ ಬರೀ 50 ಡಾಲರಿಗೆ ಅಂತ ಜಾಹೀರಾತು ಬರ್ತಿತ್ತು. ಪೆಟ್ಟಿಗೆಯಲ್ಲಿ ಹೊಸ ಜೀಪ್ ಬರುತ್ತೆ ಅಂತ ಹುಡುಗರೆಲ್ಲ ದುಡ್ಡು ಕಳಿಸ್ತಿದ್ರು. ಬರ್ತಾ ಇದ್ದಿದ್ದು ಸರ್ಕಾರಿ ಹರಾಜಲ್ಲಿ ಸಾಮಾನು ತಗೊಳ್ಳೋದು ಹೇಗೆ ಅನ್ನೋ ಒಂದು ಪುಸ್ತಿಕೆ.

ಮೂರನೇದು ನಮ್ಮದೇ ದೇಶದ್ದು. ಸ್ವತಂತ್ರ ಭಾರತದ ಮೊದಲ ದೊಡ್ಡ ಹಗರಣ ಯಾವುದು ಅಂತ ಕೇಳಿದ್ರೆ ತುಂಬಾ ಜನಕ್ಕೆ ಗೊತ್ತಿರಲ್ಲ. ಅದು ಜೀಪ್ ಹಗರಣ, ಅದೂ ರಿಪೇರಿ ಮಾಡಿಸಿದ ಹಳೇ ಜೀಪಿನದ್ದು. 1948ರಲ್ಲಿ ಕಾಶ್ಮೀರದ ಯುದ್ಧ ನಡೀತಿತ್ತು, ಸೇನೆಗೆ ತುರ್ತಾಗಿ ಜೀಪ್ ಬೇಕಿತ್ತು. ಲಂಡನ್ನಿನಲ್ಲಿ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್ ಅವರ ಕಾಲದಲ್ಲಿ, ಒಂದು ವಿದೇಶಿ ಕಂಪನಿ ಜೊತೆ ಸುಮಾರು 80 ಲಕ್ಷ ರೂಪಾಯಿಯ ಒಪ್ಪಂದ ಆಯ್ತು. ಹಳೇ ಜೀಪನ್ನ ಹೊಸದರ ಹಾಗೆ ಮಾಡಿ ಕೊಡ್ತೀವಿ ಅನ್ನೋದು ಕರಾರು. ದುಡ್ಡಿನ ಬಹುಪಾಲು ಮುಂಗಡವೇ ಹೋಯ್ತು. ಬಂದಿಳಿದ ಜೀಪ್ 155. ಅವೂ ಕೆಲಸಕ್ಕೆ ಬರಲ್ಲ ಅಂತ ಸೇನೆಯವರು ಹೇಳಿದರು. ಪಾರ್ಲಿಮೆಂಟಿನಲ್ಲಿ ವರ್ಷಗಟ್ಟಲೆ ಗಲಾಟೆ ನಡೆದು, 1955ರಲ್ಲಿ ಸರ್ಕಾರ ಆ ಪ್ರಕರಣ ಮುಗಿಯಿತು ಅಂತ ಹೇಳಿಬಿಟ್ಟಿತು.

ಇದರಲ್ಲಿ ರಾಜಕೀಯ ಬಿಡಿ. ಒಂದು ಗಾಡಿಯ ಯಜಮಾನನಾಗಿ ನೋಡಿ. ದೂರದಲ್ಲಿ ಕೂತು, ಮುಂಗಡ ಕೊಟ್ಟು, 'ಹೊಸದರ ಹಾಗೆ ಮಾಡಿದೀವಿ' ಅನ್ನೋ ಮಾತು ನಂಬಿದರೆ ದೇಶವೇ ಮೋಸ ಹೋಗುತ್ತೆ. ನಾನು ಮಾಡಿದ್ದೂ ಅದೇ ತಪ್ಪು.

ನನ್ನ ಕಥೆ ಹೀಗೆ. ಮೊದಲು ನಾನು ಗಾಡಿ ಕೊಟ್ಟಿದ್ದು ಪೇಟೆಯ ಒಂದು ವರ್ಕ್‌ಶಾಪಿಗೆ. ಹೆಸರು ಬೇಡ. ಅಲ್ಲಿ ನಿಂತಿದ್ದ ಗಾಡಿಗಳ ಪೇಂಟ್ ನೋಡಿಯೇ ನಾನು ಮರುಳಾದೆ. ಕಮ್ಮಿ ಅಂದ್ರೂ ಆರು ತಿಂಗಳು ಬೇಕು ಅಂದ್ರು, ಅರ್ಧ ದುಡ್ಡು ಮುಂಗಡ ಅಂದ್ರು. ಪಟ್ಟಿ ಕೇಳಿದ್ದಕ್ಕೆ "ಎಲ್ಲಾ ನಮಗೆ ಬಿಡಿ ಸಾರ್" ಅಂದ್ರು. ಬಿಟ್ಟೆ. ಹದಿನಾಲ್ಕು ತಿಂಗಳ ಮೇಲೆ ಗಾಡಿ ಬಂತು. ಹಸಿರು ಬಣ್ಣ, ಬಾನೆಟ್ ಮೇಲೆ ಬಿಳಿ ನಕ್ಷತ್ರ. ಅಪ್ಪಯ್ಯ ಅಂಗಳಕ್ಕೆ ಬಂದು ಸುತ್ತಲೂ ಒಂದು ಸುತ್ತು ಹಾಕಿ ಏನೂ ಹೇಳದೆ ಒಳಗೆ ಹೋದರು. ಆಗ ನನಗೆ ಅರ್ಥ ಆಗಿರಲಿಲ್ಲ.

ರಸ್ತೆಯಲ್ಲಿ ಚೆನ್ನಾಗಿಯೇ ಓಡ್ತಿತ್ತು. ಆ ವರ್ಷ ಕೊನೆಕೊಯ್ಲಿನ ಸಮಯದಲ್ಲಿ, ಹಿಂದೆ ಗೊನೆ ತುಂಬಿಸಿಕೊಂಡು ತೋಟದಿಂದ ಮೇಲೆ ಬರೋ ಕಲ್ಲು ಹಾಸಿದ ಏರಿನಲ್ಲಿ ನಾಲ್ಕೂ ಚಕ್ರದ ಗೇರ್ ಹಾಕಿದೆ. ಹತ್ತಿಪ್ಪತ್ತು ಮಾರು ಹೋಗಿರಬಹುದು. ಗಾಡಿ ಬಿಗಿಹಿಡಿದ ಹಾಗಾಯ್ತು, ಆಮೇಲೆ ಟ್ರಾನ್ಸ್‌ಫರ್ ಕೇಸ್ ಒಳಗೆ ಕಲ್ಲು ಒಡೆದ ಹಾಗೆ ಸದ್ದು. ಬ್ರೇಕ್ ಹಿಡೀತು, ಪುಣ್ಯ. ಹಿಂದೆ ಇಬ್ಬರು ಆಳುಗಳು ಗೊನೆ ಮೇಲೆ ಕೂತಿದ್ರು. ಹಿಂದಕ್ಕೆ ಜಾರಿದ್ರೆ ಬಲಗಡೆ ಹತ್ತಡಿ ಕೆಳಗೆ ಹಳ್ಳ.

ವರ್ಕ್‌ಶಾಪಿನವರನ್ನು ಕೇಳಿದ್ದಕ್ಕೆ "ಹಳೇ ಗಾಡಿ ಸಾರ್, ನೀವು ಓವರ್‌ಲೋಡ್ ಹಾಕಿದ್ರಿ" ಅಂತ ಉತ್ತರ ಬಂತು.

ಎರಡನೇ ಮೇಸ್ತ್ರಿ ಸಿಕ್ಕಿದ್ದು ಒಬ್ಬ ಲೇತ್ ಕೆಲಸದವರ ಮೂಲಕ. ಈ ಮಾತು ನೆನಪಿಡಿ. ಮೇಸ್ತ್ರಿಗಳ ಕೆಲಸ ಹೇಗೆ ಅಂತ ಗಿರಾಕಿಗಳಿಗಿಂತ ಲೇತಿನವರಿಗೆ, ಕ್ರ್ಯಾಂಕ್ ಗ್ರೈಂಡ್ ಮಾಡೋರಿಗೆ ಚೆನ್ನಾಗಿ ಗೊತ್ತಿರುತ್ತೆ. ಯಾರು ಅಳತೆ ತಗೊಂಡು ಬರ್ತಾರೆ, ಯಾರು 'ಅಂದಾಜಿಗೆ ಹೊಡೀರಿ' ಅಂತಾರೆ ಅನ್ನೋದು ಅವರ ಕಣ್ಣ ಮುಂದೇನೇ ನಡೆಯೋದು.

ಎಪ್ಪತ್ತು ದಾಟಿದ ಮನುಷ್ಯ. ಬಂದವರು ಪೇಂಟ್ ಕಡೆ ನೋಡಲೇ ಇಲ್ಲ. ಗೋಣಿ ಹಾಸಿ ಗಾಡಿ ಅಡಿಗೆ ಹೋದರು. ಆಮೇಲೆ ನನ್ನನ್ನೂ ಕರೆದರು. "ಮಾರಾಯ್ರೆ, ಇದು ವಿಲ್ಲೀಸ್ ಅಲ್ಲ" ಅಂದ್ರು.

ರೇಡಿಯೇಟರಿನ ಅಡಿಯಲ್ಲಿ ಚಾಸಿಯ ಎರಡು ಬದಿಯನ್ನು ಸೇರಿಸೋ ಮುಂದಿನ ಅಡ್ಡಪಟ್ಟಿ ತೋರಿಸಿದರು. ವಿಲ್ಲೀಸ್ ಎಂಬಿಯಲ್ಲಿ ಅದು ದುಂಡು ಪೈಪ್ ಇರುತ್ತೆ. ಫೋರ್ಡ್‌ನಲ್ಲಿ ಬೋರಲು ಹಾಕಿದ ಮರಿಗೆ ಹಾಗೆ ಇರುತ್ತೆ. ನಮ್ಮದು ಮರಿಗೆ. ಆಮೇಲೆ ಬೋಲ್ಟಿನ ತಲೆ ಉಜ್ಜಿ ತೋರಿಸಿದರು, ಸಣ್ಣದಾಗಿ ಇಂಗ್ಲಿಷಿನ 'ಎಫ್' ಅಕ್ಷರ. ಫೋರ್ಡ್‌ನವರು ತಮ್ಮ ಭಾಗಗಳಿಗೆ ಆ ಗುರುತು ಹಾಕ್ತಿದ್ರು. ಎಡಗಡೆ ಚಾಸಿಯ ಮೇಲ್ಮೈಯನ್ನ ಪೇಂಟ್ ತೆಗೆದು ನೋಡಿದರೆ ಜಿಪಿಡಬ್ಲ್ಯು ಅಂತ ಇದ್ದು, ಮುಂದೆ ಅಂಕಿಗಳು. ಆರ್.ಸಿ. ತಂದು ನೋಡಿದ್ವಿ, ಅದೇ ಅಂಕಿ.

ಎಂಜಿನ್ ಬ್ಲಾಕಿನ ನಂಬರ್ ಮಾತ್ರ ಎಂಬಿ ಅಂತ ಶುರು, ಅಂದ್ರೆ ಎಂಜಿನ್ ವಿಲ್ಲೀಸ್‌ದು. ಆರ್.ಸಿ.ಯಲ್ಲಿರೋ ಎಂಜಿನ್ ನಂಬರೂ ಅದೇ. ಅಂದ್ರೆ ಅಜ್ಜನ ಹೆಸರಿಗೆ ಬರೋ ಮೊದಲೇ, ಸೇನೆಯಲ್ಲೋ ಎಸ್ಟೇಟಿನಲ್ಲೋ ಎಂಜಿನ್ ಬದಲಾಗಿತ್ತು. "ಇದನ್ನ ಮುಟ್ಟೋದು ಬೇಡ. ಇದು ಈ ಗಾಡಿಯ ಚರಿತ್ರೆ" ಅಂದ್ರು ಮೇಸ್ತ್ರಿ.

ಹಿಂದಿನ ಹೌಸಿಂಗ್ ನೋಡಿದಾಗ ಮಾತ್ರ ಅವರ ಮುಖ ಕೆಟ್ಟಿತು. ಜ್ಯಾಕ್ ಹಾಕಿ ಹಿಂದಿನ ಎರಡೂ ಚಕ್ರ ಎತ್ತಿದರು. ಚಕ್ರಕ್ಕೂ ಪ್ರೊಪೆಲ್ಲರ್ ಶಾಫ್ಟಿಗೂ ಸೀಮೆಸುಣ್ಣದ ಗುರುತು ಹಾಕಿ, ಎರಡೂ ಚಕ್ರ ಒಟ್ಟಿಗೆ ಒಂದು ಸುತ್ತು ಬರೋ ಹಾಗೆ ತಿರುಗಿಸಿದ್ವಿ. ಶಾಫ್ಟ್ ಐದು ಸುತ್ತು ದಾಟಿ ಮೇಲೆ ಮೂರನೇ ಒಂದರಷ್ಟು ಹೋಯ್ತು. ಮುಂದಿನ ಚಕ್ರಕ್ಕೆ ಹಾಗೇ ಮಾಡಿದ್ರೆ ಐದು ಸುತ್ತೂ ಪೂರ್ತಿ ಆಗಲಿಲ್ಲ.

ಲೆಕ್ಕ ಇಷ್ಟೇ. ಯುದ್ಧದ ಜೀಪಿನ ಕ್ರೌನ್-ಪಿನಿಯನ್ ಹಲ್ಲು 39ಕ್ಕೆ 8, ಅಂದ್ರೆ 4.88. ಹೊಲದ ಸಿಜೆಗಳಿಗೆ ಭಾರ ಎಳೆಯಲಿ ಅಂತ 43ಕ್ಕೆ 8 ಹಾಕಿದರು, ಅಂದ್ರೆ 5.38. ನಮ್ಮ ಗಾಡಿಗೆ ಮುಂದೆ ಯುದ್ಧದ್ದು, ಹಿಂದೆ ಗುಜರಿಯಿಂದ ತಂದ ಸಿಜೆಯದ್ದು. ಎರಡು ಚಕ್ರದಲ್ಲಿ ಓಡಿಸಿದ್ರೆ ಏನೂ ಗೊತ್ತಾಗಲ್ಲ. ನಾಲ್ಕು ಚಕ್ರದ ಗೇರ್ ಹಾಕಿದ ಕೂಡಲೇ ಹಿಂದಿನ ಚಕ್ರ 10 ಸುತ್ತು ಹೋಗೋ ಹೊತ್ತಿಗೆ ಮುಂದಿನದು 11 ಸುತ್ತು ಹೋಗಬೇಕು. ಕೆಸರಲ್ಲಾದ್ರೆ ಚಕ್ರ ಜಾರಿ ತಪ್ಪಿಸಿಕೊಳ್ಳುತ್ತೆ. ಗಟ್ಟಿ ನೆಲದಲ್ಲಿ ಜಾರೋಕೆ ಜಾಗ ಇಲ್ಲ, ಮಧ್ಯದಲ್ಲಿರೋ ಟ್ರಾನ್ಸ್‌ಫರ್ ಕೇಸ್ ಒಡೆಯುತ್ತೆ. ಒಂದೇ ನೊಗಕ್ಕೆ ಎತ್ತನ್ನೂ ಕೋಣನನ್ನೂ ಕಟ್ಟಿ ಓಡಿಸಿದ ಹಾಗೆ.

ಮೊದಲಿನವರು ಮೂಲದ ಹೌಸಿಂಗ್ ಏನು ಮಾಡಿದರು ಅಂತ ಇವತ್ತಿಗೂ ತಿಳಿದಿಲ್ಲ. ಹಳೇ ಸಾಮಾನು ವಾಪಸ್ ಕೇಳಬೇಕು ಅನ್ನೋದೇ ನನಗೆ ಹೊಳೆದಿರಲಿಲ್ಲ. ಅಪ್ಪಯ್ಯನ ಹತ್ರ ಹೇಳಿದಾಗ, "ಅವತ್ತೇ ಅಡಿಗೆ ಬಗ್ಗಿ ನೋಡಿದ್ದೆ, ಹಿಂದಿನದು ನಮ್ಮದಲ್ಲ ಅನ್ನಿಸ್ತು. ನೀನು ಖುಷಿಯಲ್ಲಿದ್ದೆ" ಅಂದ್ರು. ನಲವತ್ತು ವರ್ಷ ಓಡಿಸಿದವರನ್ನ ನಾನು ಒಂದು ಮಾತೂ ಕೇಳಿರಲಿಲ್ಲ ನೋಡಿ.

ಮೇಸ್ತ್ರಿ ಕೆಲಸ ಮುಗಿಸೋಕೆ ಒಂಬತ್ತು ತಿಂಗಳು ತಗೊಂಡರು. 4.88ರ ಹಿಂದಿನ ಹೌಸಿಂಗ್ ಹುಡುಕೋದರಲ್ಲೇ ಐದು ತಿಂಗಳು ಹೋಯ್ತು. ಅಲ್ಲಿವರೆಗೆ "ಸದ್ಯಕ್ಕೆ ಬೇರೆ ಹಾಕ್ತೀನಿ" ಅಂತ ಒಂದು ಸಲವೂ ಹೇಳಲಿಲ್ಲ. ಎಂಜಿನ್ ಬಿಚ್ಚಿದಾಗ ಮೊದಲು ನೋಡಿದ್ದು ಟೈಮಿಂಗ್ ಚೈನೋ ಗೇರೋ ಅಂತ. ಯುದ್ಧದ ಎಂಜಿನ್ನಿಗೆ ಚೈನ್, ಆಮೇಲಿನ ಸಿಜೆ ಎಂಜಿನ್ನಿಗೆ ಗೇರ್. ಚೈನ್ ಇದ್ದರೆ ಕ್ಯಾಮ್ ಶಾಫ್ಟ್ ಕ್ರ್ಯಾಂಕ್ ತಿರುಗೋ ಕಡೆಗೇ ತಿರುಗುತ್ತೆ, ಗೇರ್ ಇದ್ದರೆ ಉಲ್ಟಾ. ಹಾಗಾಗಿ ಕ್ಯಾಮ್ ಶಾಫ್ಟೂ ಆಯಿಲ್ ಪಂಪೂ ಬೇರೆ ಬೇರೆ. ನೋಡದೆ ತರಿಸಿದ್ರೆ ದುಡ್ಡು ನೀರಿಗೆ. ಈ ಒಂದು ಪ್ರಶ್ನೆ ನೀವೂ ಕೇಳಿ ನೋಡಿ: "ಇದು ಚೈನ್ ಎಂಜಿನ್ನಾ, ಗೇರ್ ಎಂಜಿನ್ನಾ?" ಗೊತ್ತಿದ್ದವರು ಥಟ್ಟನೆ ಹೇಳ್ತಾರೆ, ಇಲ್ಲಾಂದ್ರೆ "ಬಿಚ್ಚಿ ನೋಡಿ ಹೇಳ್ತೀನಿ" ಅಂತಾರೆ. ಎರಡೂ ಒಳ್ಳೆ ಉತ್ತರವೇ. "ಎಲ್ಲಾ ಒಂದೇ ಸಾರ್" ಅಂದ್ರೆ ಗಾಡಿ ವಾಪಸ್ ತಗೊಂಡು ಬನ್ನಿ.

ನಾನು ಕಲಿತಿದ್ದನ್ನ ಚಿಕ್ಕದಾಗಿ ಹೇಳ್ತೀನಿ.

ಗಾಡಿ ಕೊಡೋ ಮೊದಲು ಚಾಸಿ ನಂಬರ್, ಎಂಜಿನ್ ನಂಬರ್ ಉಜ್ಜಿ ಫೋಟೊ ತೆಗೀರಿ, ಆರ್.ಸಿ. ಜೊತೆ ಹೋಲಿಸಿ. ನಾಲ್ಕೂ ಕಡೆಯಿಂದ, ಅಡಿಯಿಂದಲೂ ಫೋಟೊ ಇರಲಿ.

ಮೇಸ್ತ್ರಿ ಈಗ ಮಾಡ್ತಿರೋ ಗಾಡಿ ನೋಡಬೇಡಿ. ಐದು ವರ್ಷದ ಹಿಂದೆ ಮಾಡಿಕೊಟ್ಟ ಗಾಡಿ ಎಲ್ಲಿದೆ ಅಂತ ಕೇಳಿ, ಅಲ್ಲಿಗೆ ಹೋಗಿ ನೋಡಿ. ಪುಟ್ಟಿ ಹಾಕಿ ಮುಚ್ಚಿದ ತುಕ್ಕು ನಾಲ್ಕು ಮಳೆಗಾಲದಲ್ಲಿ ತಾನಾಗೇ ಹೊರಗೆ ಬರುತ್ತೆ.

ದುಡ್ಡು ಹಂತ ಹಂತವಾಗಿ ಕೊಡಿ. ಬಿಚ್ಚಿದ ಮೇಲೆ ಪಟ್ಟಿ ಬರೆಸಿಕೊಳ್ಳಿ. ಬಿಚ್ಚದೆ ಪೂರ್ತಿ ಲೆಕ್ಕ ಹೇಳೋರನ್ನ ನಂಬೋದು ಕಷ್ಟ. ತೆಗೆದ ಹಳೇ ಸಾಮಾನೆಲ್ಲ ಗೋಣಿಗೆ ಹಾಕಿ ವಾಪಸ್ ಕೊಡಬೇಕು ಅಂತ ಮೊದಲೇ ಹೇಳಿ.

ಏನು ಮಾಡ್ತೀರಿ ಅನ್ನೋದಕ್ಕಿಂತ ಏನು ಮಾಡಲ್ಲ ಅಂತ ಕೇಳಿ. ನಮ್ಮ ಮೇಸ್ತ್ರಿ ಅಲಾಯ್ ವೀಲ್ ಬೇಡ ಅಂದ್ರು, ಡೀಸೆಲ್ ಎಂಜಿನ್ ಹಾಕಿಸೋದಾದ್ರೆ ಬೇರೆಯವರ ಹತ್ರ ಹೋಗಿ ಅಂದ್ರು. ಅವತ್ತೇ ನನಗೆ ಧೈರ್ಯ ಬಂತು.

ಇನ್ನೊಂದು ಮಾತು. 2021ರಲ್ಲಿ ಕೇಂದ್ರ ಸರ್ಕಾರ 'ವಿಂಟೇಜ್' ಗಾಡಿಗಳಿಗೆ ಬೇರೆ ನೋಂದಣಿ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಮೂಲದಿಂದ ದೊಡ್ಡದಾಗಿ ಬದಲಾಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ. ಆದರೆ ಆ ನಂಬರ್ ಹಾಕಿದ ಗಾಡಿಯನ್ನ ದಿನನಿತ್ಯ ಓಡಿಸೋ ಹಾಗಿಲ್ಲ, ಬಾಡಿಗೆಗೂ ಬಿಡೋ ಹಾಗಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ ಅಂತ ಇಟ್ಟುಕೊಳ್ಳೋರಿಗೆ ಸರಿ. ನಮ್ಮದು ಗೊನೆ ಹೊರೋ ಗಾಡಿ, ನಾನು ಹಳೇ ನಂಬರಲ್ಲೇ ಮುಂದುವರಿದೆ. ನೀವು ಆ ದಾರಿ ಹಿಡಿಯೋದಾದ್ರೆ ಎಂಜಿನ್ ಬದಲಾಯಿಸೋ ಮೊದಲೇ ಯೋಚನೆ ಮಾಡಿ.

ಮೇಸ್ತ್ರಿಗೆ ಈಗ ಕಣ್ಣು ಸ್ವಲ್ಪ ಮಂಜು. ಮಗ ಬೆಂಗಳೂರಲ್ಲಿ ಬೇರೆ ಕೆಲಸದಲ್ಲಿದ್ದಾನೆ. ಹಳೇ ಜೀಪಿನ ಬಾಡಿ ಇವತ್ತಿಗೂ ಫಿಲಿಪೀನ್ಸಿನಲ್ಲಿ ಹೊಸದಾಗಿ ತಯಾರಾಗುತ್ತೆ, ಅಮೆರಿಕದವರೇ ತರಿಸಿಕೊಳ್ತಾರೆ. ಪಿಸ್ಟನ್, ರಿಂಗು, ಸೀಲು ಎಲ್ಲಾ ಹುಡುಕಿದ್ರೆ ಸಿಗುತ್ತೆ. ಅಡಿಗೆ ಮಲಗಿ "ಇದು ವಿಲ್ಲೀಸ್ ಅಲ್ಲ" ಅಂತ ಹೇಳೋ ಮನುಷ್ಯ ಮಾತ್ರ ಎಲ್ಲೂ ತಯಾರಾಗ್ತಿಲ್ಲ. ಅದಕ್ಕೇ ಅವರು ಬಂದಾಗೆಲ್ಲ ನಾನೊಂದು ನೋಟ್‌ಬುಕ್ ಹಿಡಿದು ಕೂರ್ತೀನಿ. ಹಲ್ಲಿನ ಲೆಕ್ಕ, ನಂಬರ್ ಇರೋ ಜಾಗ, ಅವರು ಹೇಳಿದ್ದೆಲ್ಲ ಬರೆದಿದ್ದೀನಿ.

ನಿಮ್ಮ ಕೊಟ್ಟಿಗೆಯಲ್ಲಿ ಜೀಪ್ ಇದ್ರೆ, ಯಾರ ಕೈಗೂ ಕೊಡೋ ಮೊದಲು ಹೇಳಿ. ಮಳೆ ಹೊಳವಾದ ಒಂದು ಭಾನುವಾರ ಬರ್ತೀನಿ. ಜ್ಯಾಕ್ ನಾನು ತರ್ತೀನಿ, ಸೀಮೆಸುಣ್ಣ ನೀವು ಇಟ್ಟುಕೊಂಡಿರಿ. ಮನೆಯಲ್ಲಿ ಆ ಗಾಡಿ ಓಡಿಸಿದ ಹಿರಿಯರಿದ್ರೆ ಅವರನ್ನೂ ಕುರ್ಚಿ ಹಾಕಿ ಹತ್ತಿರ ಕೂರಿಸಿ.